ಬ್ಯಾಟರಿ ಲೆಕ್ಕ ಮನೇಲಿರೋರ ಕೈಲಿರ್ಲಿ

ಅಕ್ಕಂದಿರೆ, ಅತ್ತಿಗೆಯರೆ, ಪಕ್ಕದ್ಮನೆಯೋರೆ, ಈ ಸತಿ ನಾನು ಹೇಳ್ಬೇಕು ಅಂತಿರೋದು ಸೋಲಾರ್ ಬ್ಯಾಟರಿ ವಿಚಾರ. "ಇದೇನವ್ವ, ಹುಳಿಪುಡಿ, ಹಪ್ಪಳ ಬಿಟ್ಟು ಇವ್ಳು ಕರೆಂಟಿಗೆ ಹೋದ್ಲು" ಅನ್ಬೇಡಿ. ನಮ್ಮ ಹಂದನಕೆರೆ ಸುತ್ತಮುತ್ತ ಎಷ್ಟೋ ತೋಟದ ಮನೇಲಿ ಈಗ ಮಾಡಿನ ಮೇಲೆ ಸೋಲಾರ್ ಹಲಗೆ ಐತೆ, ನಡುಮನೆ ಮೂಲೇಲಿ ಬ್ಯಾಟರಿ ಐತೆ. ಆ ಬ್ಯಾಟರಿಯ ಉಸಾಬರಿ ಯಾರದ್ದು ಅಂತ ಕೇಳಿದ್ರೆ ಮಾತ್ರ ಯಾರೂ ಉತ್ರ ಕೊಡಲ್ಲ. ನನ್ನ ಅಭಿಪ್ರಾಯ ಇಷ್ಟೇ: ದಿನಾ ಮನೇಲಿ ಇರೋರು ಯಾರೋ, ರಾತ್ರಿ ಕರೆಂಟು ಹೋದಾಗ ಕತ್ಲಲ್ಲಿ ಮುದ್ದೆ ತಿರುವೋರು ಯಾರೋ, ಬ್ಯಾಟರಿ ಲೆಕ್ಕ ಅವರ ಕೈಲಿರ್ಬೇಕು. ನೋಡ್ಕೊಳ್ಳೋ ಕೆಲಸ ಮಾತ್ರ ಅಲ್ಲ, ತಗೊಳ್ಳೋ ತೀರ್ಮಾನಾನೂ ಅವರದ್ದೇ ಆಗ್ಬೇಕು.

ಈಗ ಏನಾಗ್ತೈತೆ ನೋಡಿ. ಅಂಗಡಿಯೋರು ಬಂದು ಕೂರುಸ್ತಾರೆ. ಎಲ್ಲಾನೂ ಯಜಮಾನ್ರಿಗೆ ಹೇಳ್ತಾರೆ. ನಾವು ಕಾಫಿ ತಂದ್ಕೊಟ್ಟು ಒಳಕ್ಕೆ ಹೋಗ್ತೀವಿ. ಯಜಮಾನ್ರು ತಲೆ ಆಡುಸ್ತಾರೆ, ವಾರಂಟಿ ಕಾರ್ಡನ್ನ ಬೀರುಗೆ ಹಾಕಿ ಬೀಗ ಜಡೀತಾರೆ. ಆಮೇಲೆ ಅವರು ಬೆಳಿಗ್ಗೆ ಎದ್ದು ತಿಪಟೂರು ಎಪಿಎಂಸಿಗೆ ಕೊಬ್ಬರಿ ಹಾಕಕ್ಕೆ ಹೋದ್ರು, ಮಗ ಬೆಂಗಳೂರು ಸೇರ್ಕಂಡ. ಬ್ಯಾಟರಿ ಮುಂದೆ ಉಳಿಯೋದು ನಾವು. ಮಿನುಗೋ ಕೆಂಪು ದೀಪ ಏನ್ ಹೇಳ್ತೈತೆ, ಕೀಂ ಕೀಂ ಅನ್ನೋ ಸದ್ದು ಯಾಕೆ ಅನ್ನೋದು ನಮಗೆ ಯಾರೂ ಹೇಳಿಲ್ಲ. ವರ್ಷಕ್ಕೊಂದು ಸತಿ ಆಯುಧ ಪೂಜೇಲಿ ಧೂಳು ಒರೆಸಿ ಅರಿಶಿನ ಕುಂಕುಮ ಹಚ್ಚಿ ಕೈ ಮುಗೀತೀವಿ. ಐದು ವರ್ಷ ಬಾಳೋ ಸಾಮಾನು ಎರಡೇ ವರ್ಷಕ್ಕೆ ಕೈ ಕೊಟ್ಟಾಗ "ಕಂಪ್ನಿ ಸರಿಯಿಲ್ಲ" ಅಂತೀವಿ. ಹತ್ತು ಸಾವಿರ ದಾಟೋ ಸಾಮಾನು ಕಣ್ರವ್ವ, ಎಷ್ಟು ಕೊಬ್ಬರಿ ಸುಲಿದ ದುಡ್ಡು ಅದು!

ಮೊದ್ಲು ಒಂದು ಅನುಮಾನ ಬಗೆಹರಿಸ್ಕಣಾನ. "ಗೃಹಜ್ಯೋತಿ ಬಂದ್ಮೇಲೆ ಬಿಲ್ಲೇ ಇಲ್ಲ, ಸೋಲಾರ್ ಯಾಕೆ?" ಅಂತ ಕೇಳೋರು ಅವ್ರೆ. 2023ರಿಂದ 200 ಯೂನಿಟ್ ಒಳಗಿನ ಮನೆಗಳಿಗೆ ಬಿಲ್ಲು ಸೊನ್ನೆ ಬತ್ತೈತೆ, ಒಳ್ಳೇದೇ ಆಯ್ತು. ಆದ್ರೆ ಬಿಲ್ಲು ಸೊನ್ನೆ ಆಗೋದು ಬೇರೆ, ರಾತ್ರಿ ಎಂಟು ಗಂಟೇಲಿ ಬಲ್ಬು ಉರಿಯೋದು ಬೇರೆ. ಊರೊಳಗಿನ ಮನೆಗಳಿಗೆ ನಿರಂತರ ಜ್ಯೋತಿ ಯೋಜನೇಲಿ ಬೇರೆ ಲೈನು ಎಳೆದ್ರು. ತೋಟದ ಮನೆಯೋರು ಬಹಳ ಜನ ಪಂಪ್‌ಸೆಟ್ ಲೈನಿನ ಮೇಲೇ ಉಳ್ಕಂಡ್ರು. ತ್ರೀ ಫೇಸ್ ಕೊಟ್ಟಾಗ ಮೋಟ್ರು ಓಡ್ತೈತೆ, ಅದು ಹೋದ್ಮೇಲೆ ಮನೆ ಬೆಳಕಿಗೆ ಕಾಯ್ಬೇಕು. ನಮ್ಮ ತುಮಕೂರು ಜಿಲ್ಲೇಲೇ ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು ಐತೆ, ದೇಶವೇ ಬಂದು ನೋಡ್ಕಂಡು ಹೋಗೋವಂಥದ್ದು. ಅದೇ ಜಿಲ್ಲೆಯ ತೋಟದ ಮನೇಲಿ ಮಗು ಓದೋ ಹೊತ್ತಿಗೆ ಕತ್ಲು. ಅಲ್ಲಿ ಆಗೋ ಕರೆಂಟು ಹಗಲೊತ್ತು ತಂತಿ ಹಿಡಿದು ಹೋಗ್ತೈತೆ, ನಮಗೆ ಬೇಕಿರೋದು ರಾತ್ರಿ. ಹಗಲಿನ ಬಿಸಿಲನ್ನ ರಾತ್ರಿಗೆ ಎತ್ತಿಟ್ಕೊಳ್ಳೋ ಕಣಜವೇ ಬ್ಯಾಟರಿ.

ಇನ್ನೊಂದು ಗೊಂದಲ. 2024ರಲ್ಲಿ ಕೇಂದ್ರದೋರು ಪಿಎಂ ಸೂರ್ಯಘರ್ ಯೋಜನೆ ತಂದ್ರು. 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಅಥವಾ ಅದಕ್ಕಿಂತ ಮೇಲೆ 78,000 ರೂಪಾಯಿ ಸಬ್ಸಿಡಿ. ಇದರಲ್ಲಿ ಮಾಮೂಲಾಗಿ ಕೂರಿಸೋದು ಬ್ಯಾಟರಿ ಇಲ್ಲದ ಸೋಲಾರ್. ಹಲಗೆ ಮಾಡಿದ ಕರೆಂಟು ಬೆಸ್ಕಾಂ ಲೈನಿಗೆ ಸೇರ್ತೈತೆ. ಲೈನಲ್ಲಿ ಕರೆಂಟು ಹೋದ್ರೆ, ಮಟಮಟ ಮಧ್ಯಾಹ್ನ ಬಿಸಿಲಿದ್ರೂ ಇದೂ ನಿಂತೋಗ್ತೈತೆ. ಕೆಟ್ಟೋಗಿ ಅಲ್ಲ, ಬೇಕಂತಲೇ ಹಂಗೆ ಮಾಡವ್ರೆ. ಕಂಬದ ಮೇಲೆ ರಿಪೇರಿ ಮಾಡೋ ಲೈನ್‌ಮನ್‌ಗೆ ನಮ್ಮನೆ ಕರೆಂಟು ಹೊಡೀಬಾರ್ದಲ್ಲ. ಬಿಲ್ಲು ಇಳಿಸ್ಕಣಕ್ಕೆ ಅದು ಸರಿ. ಕರೆಂಟು ಹೋದಾಗ ದೀಪ ಬೇಕು ಅನ್ನೋರಿಗೆ ಅದೊಂದೇ ಸಾಲ್ದು, ಬ್ಯಾಟರಿ ಬೇಕೇ ಬೇಕು. ಸಹಿ ಹಾಕೋಕ್ ಮುಂಚೆ "ಲೈನು ಹೋದ್ರೆ ನಮ್ಮನೆ ಬಲ್ಬು ಉರೀತೈತಾ?" ಅಂತ ಒಂದೇ ಒಂದು ಮಾತು ಕೇಳಿ.

ಈಗ ಕಣಜದ ಲೆಕ್ಕಕ್ಕೆ ಬರಾನ. ನಮ್ ಕಡೆ ಜಾಸ್ತಿ ಕೂರಿಸೋದು 12 ವೋಲ್ಟಿನ 150 ಆಂಪಿಯರ್ ಅವರ್ ಟ್ಯೂಬ್ಯುಲರ್ ಬ್ಯಾಟರಿ. 12ನ್ನ 150ರಿಂದ ಗುಣಿಸಿದ್ರೆ 1,800 ವ್ಯಾಟ್ ಅವರ್, ಅಂದ್ರೆ ಎರಡು ಯೂನಿಟ್ಟಿಗೂ ಕಮ್ಮಿ. ಅಷ್ಟನ್ನೂ ಬಳ್ಕೊಳ್ಳಂಗಿಲ್ಲ. ಸೀಸದ ಬ್ಯಾಟರೀನ ದಿನಾ ತಳ ಕಾಣಂಗೆ ಬಳಿದ್ರೆ ಅದರ ಆಯಸ್ಸು ಹೋಗ್ತೈತೆ. ಅರ್ಧ ಬಳಸಿ ಅರ್ಧ ಬಿಡ್ಬೇಕು. ಅಲ್ಲಿಗೆ 900. ಇನ್ವರ್ಟರ್ ತಿನ್ನೋದು ಕಳೆದ್ರೆ ಕೈಗೆ ಸಿಗೋದು ಹೆಚ್ಚುಕಮ್ಮಿ 750ರಿಂದ 800.

ಖರ್ಚು ನೋಡಿ. 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು ಐದು ಗಂಟೆ ಉರಿದ್ರೆ 180. ಹಳೇ ಫ್ಯಾನು 75 ವ್ಯಾಟು, ಆರು ಗಂಟೆಗೆ 450. ಟೀವಿ 50 ವ್ಯಾಟು, ಮೂರು ಗಂಟೆಗೆ 150. ಎರಡು ಫೋನು ಚಾರ್ಜಿಗೆ ಒಂದು 30. ಒಟ್ಟು 810. ಆಗ್ಲೇ ಅಂಚಿಗೆ ಬಂತು. ಅದೇ ಹಳೇ ಫ್ಯಾನಿನ ಜಾಗಕ್ಕೆ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿದ್ರೆ 450 ಇದ್ದಿದ್ದು 180ಕ್ಕೆ ಇಳೀತೈತೆ, ಒಟ್ಟು 540. ಅದಕ್ಕೇ ನಾನು ಹೇಳಾದು, ಇನ್ನೊಂದು ಬ್ಯಾಟರಿಗೆ ದುಡ್ಡು ಹಾಕೋಕ್ ಮುಂಚೆ ಫ್ಯಾನು ಬದ್ಲಾಯ್ಸಿ. ಮಿಕ್ಸಿ 750 ವ್ಯಾಟಿನದ್ದು, ಹತ್ತು ನಿಮಿಷ ಚಟ್ನಿ ರುಬ್ಬಿದ್ರೆ 125. ಲೆಕ್ಕಕ್ಕೆ ಅದು ಕಮ್ಮಿ ಅನ್ಸಿದ್ರೂ, ಆ ಹತ್ತು ನಿಮಿಷ ಬ್ಯಾಟರಿಯಿಂದ 60 ಆಂಪಿಯರ್ ಮೇಲೆ ಒಟ್ಟಿಗೇ ಎಳೀತೈತೆ. ರುಬ್ಬೋದು, ಇಸ್ತ್ರಿ, ಗೀಸರು, ನೀರಿನ ಮೋಟ್ರು ಎಲ್ಲಾ ಲೈನ್ ಕರೆಂಟಲ್ಲೇ ಇರ್ಲಿ. ಈ ಲೆಕ್ಕ ಹಾಕೋಕೆ ಇಂಜಿನಿಯರೇ ಆಗ್ಬೇಕಾಗಿಲ್ಲ. ಹದಿನೈದು ಜನಕ್ಕೆ ಎಷ್ಟು ಸೇರು ರಾಗಿ ಹಿಟ್ಟು ಬೇಕು ಅಂತ ನಿಂತಲ್ಲೇ ಹೇಳೋ ನಮಗೆ ಇದು ಯಾವ ಮಹಾ?

ಕೂರಿಸೋ ಜಾಗದ ವಿಚಾರ. ನಮ್ಮದು ಕಲ್ಪತರು ನಾಡು, ಮನೆ ಸುತ್ತಲೂ ತೆಂಗು. ಹಲಗೆ ಮೇಲೆ ಒಂದು ಗರಿ ನೆರಳು ಬಿದ್ರೂ ಅಷ್ಟೇ ಜಾಗದ ಕರೆಂಟು ಹೋಗ್ತೈತೆ ಅನ್ಕೋಬೇಡಿ. ಒಳಗಿನ ಬಿಲ್ಲೆಗಳು ಒಂದರ ಹಿಂದೆ ಒಂದು ಪೋಣಿಸಿರ್ತವೆ, ಒಂದು ಮಂಕಾದ್ರೆ ಸಾಲಿಗೆ ಸಾಲೇ ಮಂಕಾಗ್ತೈತೆ. ಬ್ಯಾಟರಿ ತುಂಬದೆ ಸಾಯೋದಕ್ಕೆ ನಮ್ ಕಡೆ ಈ ನೆರಳೂ ಒಂದು ಕಾರಣ. ಹಲಗೆ ತೆಂಕಲ ದಿಕ್ಕಿಗೆ ಮೊಗ ಮಾಡಿ, 13ರಿಂದ 15 ಡಿಗ್ರಿ ಓರೆ ಇರ್ಬೇಕು. ಬೇಸಿಗೇಲಿ ನೆರಳಿಲ್ಲ ಅಂತ ಸುಮ್ನಾಗ್ಬೇಡಿ. ಡಿಸೆಂಬರಲ್ಲಿ ಸೂರ್ಯ ತೆಂಕಲಿಗೆ ಹೋಗಿ ನೆರಳು ಉದ್ದ ಆಗ್ತೈತೆ, ತೆಂಕಲ ಕಡೆ ಮರ ಇದ್ರೆ ಆಗ ಗೊತ್ತಾಗ್ತೈತೆ. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ, ಸಂಜೆ ನಾಲ್ಕಕ್ಕೆ ನೆರಳು ಎಲ್ಲಿ ಬೀಳ್ತೈತೆ ಅಂತ ದಿನಾ ಅಂಗಳ ಗುಡಿಸೋರಿಗೆ ಗೊತ್ತಿರ್ತೈತೆ. ಕೂರಿಸೋ ದಿನ ನಮ್ಮನ್ನ ಕೇಳಲ್ಲ, ಅದೇ ನನ್ನ ಜಗಳ. ಗರಿ, ಮಟ್ಟೆ, ಕಾಯಿ ಮೇಲೆ ಬಿದ್ದು ಗಾಜು ಒಡೆಯೋದೂ ಉಂಟು, ಅದನ್ನೂ ನೋಡ್ಕಂಡು ಜಾಗ ಹೇಳಿ.

ಬ್ಯಾಟರಿ ಗಾಳಿಯಾಡೋ, ತಣ್ಣಗಿರೋ ಜಾಗದಲ್ಲಿ, ಮರದ ಹಲಗೆ ಮೇಲೋ ಅದರದ್ದೇ ಸ್ಟ್ಯಾಂಡ್ ಮೇಲೋ ಇರ್ಬೇಕು. ಚಾರ್ಜ್ ಆಗೋವಾಗ ಅದರಿಂದ ಹೈಡ್ರೋಜನ್ ಅನ್ನೋ ಗಾಳಿ ಬತ್ತೈತೆ, ಕಿಡಿ ಸೋಕಿದ್ರೆ ಸಿಡೀತೈತೆ. ಹಂಗಾಗಿ ದೇವ್ರ ಮನೇಲಿ ಬೇಡ, ಒಲೆ ಹತ್ರ ಬೇಡ, ಮುಚ್ಚಿದ ಬೀರು ಒಳಗೆ ಬೇಡ. ನಮ್ಮೂರಿನ ಮನೆಗಳಲ್ಲಿ ಖಾಲಿ ಕಾಣೋ ಜಾಗ ಅಂದ್ರೆ ಕೊಬ್ಬರಿ ಅಟ್ಟ. ಅಲ್ಲಂತೂ ಇಡ್ಲೇಬೇಡಿ. ಹೆಂಚಿನ ಕೆಳಗೆ ಸೆಕೆ, ಸುತ್ತಲೂ ಒಣಗಿದ ಕಾಯಿ, ಮೇಲಾಗಿ ಇಲಿ. ಸೆಕೆ ಜಾಸ್ತಿ ಆದಷ್ಟೂ ಬ್ಯಾಟರಿ ಬೇಗ ಮುದಿಯಾಗ್ತೈತೆ. ಮಾಮೂಲು ತಾಪಕ್ಕಿಂತ 10 ಡಿಗ್ರಿ ಜಾಸ್ತೀಲೇ ಯಾವಾಗ್ಲೂ ಇದ್ರೆ ಆಯಸ್ಸು ಹೆಚ್ಚುಕಮ್ಮಿ ಅರ್ಧಕ್ಕೆ ಇಳೀತೈತೆ. ಅದರ ತೂಕ 50 ಕೆಜಿ ಮೇಲೆ, ಒಮ್ಮೆ ಇಟ್ಟ ಜಾಗದಿಂದ ಎತ್ತಿಡೋದು ಸುಲಭ ಅಲ್ಲ. ಮೊದ್ಲೇ ಯೋಚ್ನೆ ಮಾಡಿ ಇಡಿಸಿ.

ಇನ್ನು ನೀರು. ಬ್ಯಾಟರಿ ಒಳಗಿರೋದು ಗಂಧಕದ ಆಸಿಡ್ಡು, ನೀರು. ಚಾರ್ಜ್ ಆಗ್ತಾ ಆಗ್ತಾ ನೀರು ಮಾತ್ರ ಒಡೆದು ಗಾಳಿಯಾಗಿ ಹೋಗ್ತೈತೆ, ಆಸಿಡ್ ಅಲ್ಲೇ ಉಳೀತೈತೆ. ಅದಕ್ಕೇ ತುಂಬೋದು ನೀರು ಮಾತ್ರ, ಆಸಿಡ್ ಯಾವತ್ತೂ ಹಾಕ್ಬಾರ್ದು. ನೀರು ಅಂದ್ರೆ ಅಂಗಡೀಲಿ ಸಿಗೋ ಡಿಸ್ಟಿಲ್ಡ್ ವಾಟರು. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆ ತಳ ನೋಡಿದೀರಲ್ಲ, ಬೆಳ್ಳಗೆ ಕಟ್ಟಿರ್ತೈತೆ. ಅದೇ ಉಪ್ಪು ಬ್ಯಾಟರಿ ತಗಡಿಗೂ ಹೋಗ್ತೈತೆ. ಫಿಲ್ಟರ್ ನೀರು, ಮಾಡಿನಿಂದ ಹಿಡಿದ ಮಳೆ ನೀರು ಯಾವುದೂ ಬೇಡ. ಬೇಸಿಗೇಲಿ ತಿಂಗಳಿಗೊಂದು ಸತಿ, ಮಿಕ್ಕ ಕಾಲದಲ್ಲಿ ಎರಡು ತಿಂಗಳಿಗೊಂದು ಸತಿ ಆರೂ ಬಿರಡೆಯ ಕಡ್ಡಿ ನೋಡಿ. ನೆನಪಿಗೆ ಅಮಾಸೆ ಇಟ್ಕಳಿ, ಅದನ್ನ ನಾವು ಮರೆಯಲ್ಲವಲ್ಲ. ಬ್ಯಾಟರಿ ಪೂರ್ತಿ ಚಾರ್ಜ್ ಆದ್ಮೇಲೆ, ಅಂದ್ರೆ ಒಳ್ಳೆ ಬಿಸಿಲಿನ ದಿನ ಸಂಜೆ, ಮೇಲಿನ ಗುರುತಿನ ತನಕ ತುಂಬಿ. ಗುರುತು ದಾಟಿದ್ರೆ ಉಕ್ಕಿ ಆಸಿಡ್ ಹೊರಕ್ಕೆ ಬತ್ತೈತೆ.

ಹತ್ರ ಹೋಗೋಕ್ ಮುಂಚೆ ಇನ್ವರ್ಟರ್ ಆಫ್ ಮಾಡಿ. ಚಿನ್ನದ ಬಳೆ, ಉಂಗುರ ತೆಗೆದಿಡಿ, ಸರ ಸೆರಗಿನೊಳಗೆ ಸೇರ್ಸಿ. ಗಂಡಸ್ರಿಗೆ ಹೇಳೋ ಪುಸ್ತಕದಲ್ಲಿ ಇದನ್ನ ಬರೆದಿರಲ್ಲ. ಎರಡು ತುದಿಗೆ ಒಂದೇ ಸತಿ ಲೋಹ ಮುಟ್ಟಿದ್ರೆ ಅದು ಕಾದು ಕೆಂಪಗಾಗಿ ಚರ್ಮ ಸುಡ್ತೈತೆ. ಹಳೇ ಸೀರೆ ಉಟ್ಕಳಿ. ಆಸಿಡ್ ಹನಿ ಬಿದ್ದಿದ್ದು ಆಗ ಕಾಣಲ್ಲ, ಒಗೆದ್ಮೇಲೆ ತೂತು ಕಾಣ್ತೈತೆ. ನೆಲಕ್ಕೆ ಚೆಲ್ಲಿದ್ರೆ ಅಡಿಗೆ ಸೋಡ ಉದುರ್ಸಿ ಆಮೇಲೆ ನೀರು ಹಾಕಿ. ಕಣ್ಣಿಗೆ ಬಿದ್ರೆ ಕಾಲು ಗಂಟೆ ನೀರಲ್ಲಿ ತೊಳೀತಾ ಇದ್ದು ಆಸ್ಪತ್ರೆಗೆ ಹೋಗ್ಬೇಕು, ಮನೆ ಮದ್ದು ಬೇಡ. ತುದೀಲಿ ಹಸಿರೋ ಬಿಳುಪೋ ಹೂವು ಕಟ್ಟಿದ್ರೆ, ಸೋಡ ಕಲಸಿದ ನೀರಲ್ಲಿ ಅದ್ದಿ ಹಿಂಡಿದ ಬಟ್ಟೇಲಿ ಒರೆಸಿ, ಆ ನೀರು ಬಿರಡೆ ಒಳಕ್ಕೆ ಹೋಗದಂಗೆ ನೋಡ್ಕಳಿ. ಒಣಗಿದ್ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಬಿಚ್ಚಿ ಬಿಗಿ ಮಾಡೋ ಕೆಲಸ, ವೈರು, ಫ್ಯೂಸು ಮಾತ್ರ ಮೆಕ್ಯಾನಿಕ್ಕಿಗೇ ಬಿಡಿ. ಹಲಗೆ ತೊಳೆಯೋದು ಬೆಳಿಗ್ಗೆ ಬಿಸಿಲೇರೋಕ್ ಮುಂಚೆ, ಬರೀ ನೀರಲ್ಲಿ, ನೆಲದಿಂದಲೇ ಪೈಪು ಹಿಡಿದು. ಹೆಂಚಿನ ಮೇಲೆ ಹತ್ತೋ ಸಾಹಸ ಯಾರೂ ಮಾಡ್ಬೇಡಿ.

ಕಟ್ಟ ಕಡೇದು ಹೊಟ್ಟೆ ತುಂಬ್ಸೋ ವಿಚಾರ. ಅರ್ಧ ಹೊಟ್ಟೇಲಿ ದಿನಗಟ್ಲೆ ಬಿಟ್ರೆ ಒಳಗಿನ ತಗಡಿನ ಮೇಲೆ ಹರಳು ಗಟ್ಟಿಯಾಗಿ ಕೂರ್ತೈತೆ, ಆಮೇಲೆ ಬಿಡಲ್ಲ. ಆಷಾಢದ ಜಡಿಮಳೇಲಿ ಬಿಸಿಲಿಲ್ಲದ ನಾಲ್ಕು ದಿನ ಟೀವಿ ಬಿಟ್ಟು ಬಲ್ಬು ಮಾತ್ರ ಉರ್ಸಿ, ಲೈನ್ ಕರೆಂಟು ಬಂದಾಗ ಅದರಿಂದಲೇ ಚಾರ್ಜ್ ಮಾಡೋ ಇನ್ವರ್ಟರ್ ಆದ್ರೆ ಪೂರ್ತಿ ತುಂಬ್ಸಿ. ಏನೂ ಓಡದೆ, ಚಾರ್ಜೂ ಆಗದೆ ಒಂದೆರಡು ಗಂಟೆ ಸುಮ್ನಿದ್ದಾಗ ಮೀಟರಲ್ಲಿ 12.7 ತೋರಿಸಿದ್ರೆ ತುಂಬೈತೆ, 12.2 ಅಂದ್ರೆ ಅರ್ಧಕ್ಕೆ ಬಂದೈತೆ ಅಂತ ತಿಳ್ಕಳಿ. ಕೀಂ ಕೀಂ ಅಂದ್ರೆ "ಸಾಕು ನಿಲ್ಸು" ಅಂತ ಅದು ಕೂಗೋದು. ಎರಡು ಬ್ಯಾಟರಿ ಇದ್ದು ಒಂದು ಕೆಟ್ರೆ, ಹಳೇದಕ್ಕೆ ಹೊಸದನ್ನ ಜೋಡಿಸ್ಬೇಡಿ. ಹಳೇದು ಹೊಸದನ್ನೂ ತನ್ನ ಹಾದಿಗೇ ಎಳ್ಕಣ್ತೈತೆ.

"ಇದೂ ಒಂದು ನಮ್ಮ ತಲೆಗೇ ಬಂತಾ? ಹಸ, ಕರ, ಅಡಿಗೆ ಸಾಲ್ದು ಅಂತ ಇದು ಬೇರೆ" ಅಂತ ನೀವು ಕೇಳ್ಬೋದು. ಕೇಳೋದು ನ್ಯಾಯವೇ. ಬರೀ ಕೆಲಸ ಕೊಟ್ಟು ಅಧಿಕಾರ ಕೊಡ್ದಿದ್ರೆ ನಾನೂ ಬೇಡ ಅಂತೀನಿ. ನೀರು ತುಂಬೋರು ನಾವಾದ್ರೆ ರಾತ್ರಿ ಯಾವ ಸ್ವಿಚ್ಚು ಹಾಕ್ಬೇಕು, ಮ್ಯಾಚಿಗೋ ಮಗಳ ಓದಿಗೋ ಅನ್ನೋದನ್ನೂ ನಾವೇ ಹೇಳ್ಬೇಕು. ಬ್ಯಾಟರಿ ತಗೊಳ್ಳೋವಾಗ ನಮ್ಮನ್ನೂ ಕೂರಿಸ್ಕಂಡು ಮಾತಾಡ್ಬೇಕು, ಮೆಕ್ಯಾನಿಕ್ಕಿನ ನಂಬರು ನಮ್ಮ ಫೋನಲ್ಲಿರ್ಬೇಕು, ಕಾರ್ಡು ನಮ್ಮ ಕೈಗೆ ಸಿಗೋ ಡಬ್ಬೀಲಿರ್ಬೇಕು. ಕೆಲಸ ಅಂದ್ರೂ ತಿಂಗಳಿಗೆ ಅರ್ಧ ಗಂಟೆ.

"ಲಿಥಿಯಂ ತಗಂಡ್ರೆ ಈ ರಗಳೆನೇ ಇಲ್ಲ" ಅಂತ ಮಕ್ಕಳು ಹೇಳ್ತಾರೆ. ನಿಜ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ನೀರು ಬೇಡ, ತೂಕ ಕಮ್ಮಿ, ನೂರಕ್ಕೆ 80ರ ತನಕ ಬಳಸ್ಬೋದು, ಹೆಚ್ಚು ವರ್ಷ ಬತ್ತೈತೆ. ಕೈಲಿ ದುಡ್ಡಿದ್ರೆ ಅದೇ ತಗಳಿ, ನಾನು ಬೇಡ ಅನ್ನಲ್ಲ. ಆದ್ರೆ ಮೊದ್ಲೇ ಕೊಡೋ ದುಡ್ಡು ಜಾಸ್ತಿ, ಹಳೇ ಇನ್ವರ್ಟರಿಗೆ ಹೊಂದ್ತೈತಾ ಅಂತ ಕೇಳ್ಬೇಕು. ನೆರಳು, ಸೆಕೆ, ಖರ್ಚಿನ ಲೆಕ್ಕ ಅದಕ್ಕೂ ತಪ್ಪಲ್ಲ. ಸೀಸದ ಬ್ಯಾಟರೀನ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಅನ್ನೋರು ಕಂಡುಹಿಡಿದಿದ್ದು 1859ರಲ್ಲಿ. ಇಷ್ಟು ವರ್ಷ ಆದ್ರೂ ಅದು ನಮ್ಮ ಮನೇಲಿ ಉಳ್ಕಂಡಿರೋದು ಅಗ್ಗ ಅಂತ, ಎಲ್ಲಾ ಕಡೆ ರಿಪೇರಿ ಸಿಗ್ತೈತೆ ಅಂತ.

"ಹೆಂಗಸ್ರಿಗೆ ಕರೆಂಟಿನ ಕೆಲಸ ಯಾಕೆ" ಅನ್ನೋರಿಗೆ ನಾನು ರಾಜಸ್ಥಾನ ತೋರಿಸ್ತೀನಿ. ತಿಲೋನಿಯ ಅನ್ನೋ ಹಳ್ಳೀಲಿ ಬಂಕರ್ ರಾಯ್ ಅವರು 1972ರಲ್ಲಿ ಶುರು ಮಾಡಿದ ಬೇರ್‌ಫುಟ್ ಕಾಲೇಜು ಐತೆ. ಆಫ್ರಿಕಾದ ಹಳ್ಳಿಗಳಿಂದ ಬಂದ, ಓದು ಬರಹ ಬರದ ಅಜ್ಜಿಯರು ಅಲ್ಲಿ ಆರು ತಿಂಗಳಿದ್ದು, ಬಣ್ಣ ನೋಡಿ, ಕೈಸನ್ನೆ ನೋಡಿ, ಸೋಲಾರ್ ಜೋಡಿಸೋದು ರಿಪೇರಿ ಮಾಡೋದು ಕಲ್ತು ತಮ್ಮೂರಿಗೆ ದೀಪ ಹಾಕವ್ರೆ. ವಯಸ್ಸಿನ ಹುಡುಗ್ರಿಗೆ ಕಲಿಸಿದ್ರೆ ಸರ್ಟಿಫಿಕೇಟ್ ಹಿಡ್ಕಂಡು ಪಟ್ಟಣಕ್ಕೆ ಹೋಗ್ತಾರೆ, ಅಜ್ಜಿ ಊರಲ್ಲೇ ಇರ್ತಾಳೆ ಅನ್ನೋದು ಅವರ ಲೆಕ್ಕ. ನಮ್ಮೂರಿಗೂ ಅದೇ ಲೆಕ್ಕ ಅಲ್ವೇನ್ರಿ? ನಮ್ಮ ಕರ್ನಾಟಕದಲ್ಲೇ ಹರೀಶ್ ಹಂದೆ ಅವರ ಸೆಲ್ಕೋ 1995ರಿಂದ ಹಳ್ಳಿ ಮನೆಗಳಿಗೆ ಸೋಲಾರ್ ದೀಪ ಕೊಡ್ತಾ ಬಂದೈತೆ, ಅದಕ್ಕೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸಾಮಾನು ಹಳ್ಳಿಗೆ ಬಂದು ಎಷ್ಟೋ ಕಾಲ ಆಯ್ತು. ಅದನ್ನ ನೋಡ್ಕೊಳ್ಳೋ ತಿಳುವಳಿಕೆ ಅಡಿಗೆ ಮನೆ ತನಕ ಬಂದಿಲ್ಲ, ಅಷ್ಟೇ.

ಇನ್ನೊಂದು ಮಾತು, ಇದರಲ್ಲಿ ತಮಾಷೆ ಬೇಡ. ಸತ್ತ ಬ್ಯಾಟರೀನ ಹಿತ್ಲಲ್ಲಿ, ಕೊಟ್ಟಿಗೇಲಿ ಬಿಸಾಕ್ಬೇಡಿ, ಒಡೆಯೋಕೆ ಬಿಡ್ಬೇಡಿ. ಒಳಗಿರೋ ಸೀಸ ಮಣ್ಣಿಗೆ ಸೇರಿ, ಅಲ್ಲಿ ಆಡೋ ಕೂಸಿನ ಕೈಯಿಂದ ಬಾಯಿಗೆ ಹೋದ್ರೆ ಮಗುವಿನ ಮೆದುಳಿಗೇ ಏಟು. ಸೀಸಕ್ಕೆ ಇಷ್ಟಾದ್ರೆ ಪರ್ವಾಗಿಲ್ಲ ಅನ್ನೋ ಅಳತೆನೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತೈತೆ. 2022ರಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿಯಮದಲ್ಲಿ ಹಳೇ ಬ್ಯಾಟರಿ ವಾಪಸ್ ತಗೊಳ್ಳೋ ಜವಾಬ್ದಾರಿ ಮಾಡೋ ಕಂಪ್ನಿಯೋರದ್ದೇ. ಹೊಸದು ತಗೊಳ್ಳೋವಾಗ ಹಳೇದನ್ನ ಅಂಗಡಿಗೇ ಕೊಟ್ಟು, ಅದರ ಬೆಲೆ ಬಿಲ್ಲಲ್ಲಿ ಮುರಿಸ್ಕಳಿ. ಗುಜರಿಯೋನು ನೂರು ರೂಪಾಯಿ ಜಾಸ್ತಿ ಅಂದ್ರೂ ಕೊಡ್ಬೇಡಿ. ಎಲ್ಲೋ ಇನ್ನೊಬ್ರ ಮನೆ ಹಿಂದೆ ಅದನ್ನ ಕರಗಿಸ್ತಾರೆ, ಅಲ್ಲೂ ಮಕ್ಳಿರ್ತವೆ.

ಈ ಅಮಾಸೆಗೆ ಒಂದು ಕೆಲಸ ಮಾಡಿ. ಹಾಲಿನ ಲೆಕ್ಕ ಬರೆಯೋ ಪುಸ್ತಕದ ಕೊನೇ ಹಾಳೇಲಿ ಬ್ಯಾಟರಿ ತಗಂಡ ತಾರೀಖು, ವಾರಂಟಿ ಮುಗಿಯೋ ತಾರೀಖು, ನೀರು ತುಂಬಿದ ದಿನ ಬರೀರಿ. ಯಜಮಾನ್ರನ್ನ ಕೇಳಿ ಆ ಕಾರ್ಡು ಹೊರಗೆ ತೆಗೆಸಿ. ಯಾರಿಗಾದ್ರೂ ಮೊದಲನೇ ಸತಿ ಬಿರಡೆ ತೆಗೆಯೋಕೆ ಭಯ ಆದ್ರೆ ಅಕ್ಕಪಕ್ಕದೋರು ಇಬ್ರು ಸೇರ್ಕಂಡು ನೋಡಿ. ಹಪ್ಪಳ ಹಾಕೋಕೆ ಹೆಂಗೆ ಒಬ್ರ ಮನೆಗೆ ಒಬ್ರು ಹೋಗ್ತೀವೋ, ಹಂಗೇ ಇದಕ್ಕೂ ಹೋಗಾನ.